ಫೈರ್‌ಪ್ಲೇಸ್‌ಗೆ ಹೊಸ ರೂಪ: ಮೊದಲು ಬೆಂಕಿಯ ಲೆಕ್ಕ, ಆಮೇಲೆ ಸಿಂಗಾರ

ಮಡಿಕೇರಿ, ಚಿಕ್ಕಮಗಳೂರು ಕಡೆಯ ಹಳೆಯ ಎಸ್ಟೇಟ್ ಬಂಗಲೆಗಳ ಹಜಾರದಲ್ಲಿ ಇಂದಿಗೂ ಫೈರ್‌ಪ್ಲೇಸ್ ಕಾಣಸಿಗುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಎಷ್ಟೋ ಸಲ ಅದು ಮನೆಯ ಜತೆಗೇ ಬರುತ್ತದೆ. ಮಸಿ ಹಿಡಿದ ಇಟ್ಟಿಗೆ ಕಂಡ ಕೂಡಲೇ ಟೈಲ್ಸ್ ಹಾಕಿಸೋಣ, ಹಬ್ಬಕ್ಕೊಂದು ಅಲಂಕಾರ ಮಾಡೋಣ ಅನ್ನಿಸುವುದು ಸಹಜ. ಮಾಡಲೇಬೇಕಾದ ಕೆಲಸವೇ ಅದು. ಚಳಿಗಾಲದಲ್ಲಿ ಇಡೀ ಮನೆ ಬಂದು ಕೂರುವ ಜಾಗ ಚೆನ್ನಾಗಿರಬೇಕು. ಎಲ್ಲಿ ಎಷ್ಟು ಬಿಸಿ ತಾಗುತ್ತದೆ ಎಂಬುದು ಗೊತ್ತಿದ್ದರೆ ಯಾವ ಟೈಲ್, ಯಾವ ಅಂಟು, ಯಾವ ತೋರಣ ಎಂಬುದೆಲ್ಲ ಸುಲಭವಾಗಿ ತೀರ್ಮಾನವಾಗುತ್ತದೆ. ಅದು ಗೊತ್ತಿಲ್ಲದೆ ಹುಟ್ಟಿದ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಫೈರ್‌ಪ್ಲೇಸ್‌ಗೆ ಟೈಲ್ಸ್ ಹಾಕುವುದು ಬರೀ ಅಂದಕ್ಕೆ.

ವಾಸ್ತವ: ಟೈಲ್ಸ್ ಅಲ್ಲಿಗೆ ಬಂದದ್ದು ಕೆಲಸಕ್ಕಾಗಿ. ಭಟ್ಟಿಯಲ್ಲಿ 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಬೆಂದು ಬಂದ ಟೈಲ್‌ಗೆ ಒಲೆಯ ಸುತ್ತಲಿನ ಬಿಸಿ ಲೆಕ್ಕಕ್ಕಿಲ್ಲ. ನುಣುಪಾದ ಮೈಯ ಮೇಲಿನ ಮಸಿ ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. 17ನೇ ಶತಮಾನದ ಹಾಲೆಂಡಿನ ಮನೆಗಳಲ್ಲಿ ಒಲೆಯ ಸುತ್ತ ನೀಲಿ-ಬಿಳಿ ಡೆಲ್ಫ್ಟ್ ಟೈಲ್ಸ್ ಕೂಡಿಸುತ್ತಿದ್ದರು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಎರಕದ ಕಬ್ಬಿಣದ ಚೌಕಟ್ಟಿನ ಎಡಬಲಕ್ಕೆ 6 ಇಂಚಿನ ಟೈಲ್‌ಗಳ ಸಾಲು ಬಂತು. ಮಿಂಟನ್ ಕಾರ್ಖಾನೆ, ವಿಲಿಯಂ ಡಿ ಮಾರ್ಗನ್ ಇವರ ಹೂಬಳ್ಳಿ ವಿನ್ಯಾಸಗಳು ಹೆಸರಾದವು. ಆ ಮಾದರಿಯನ್ನೇ ಹಿಡಿದು ಜಪಾನಿನ ಕಾರ್ಖಾನೆಗಳು ಮಾಡಿದ ಮಜೋಲಿಕಾ ಟೈಲ್ಸ್ 20ನೇ ಶತಮಾನದ ಮೊದಲ ದಶಕಗಳಲ್ಲಿ ಹಡಗೇರಿ ಭಾರತಕ್ಕೂ ಬಂದವು. ಚೆಟ್ಟಿನಾಡಿನ ಮನೆಗಳಲ್ಲಿ ಈಗಲೂ ಇವೆ. ನಿಮ್ಮ ಹಳೆಯ ಬಂಗಲೆಯ ಫೈರ್‌ಪ್ಲೇಸ್‌ನಲ್ಲಿ ಇಂಥ ಟೈಲ್ಸ್ ಇದ್ದರೆ ದಯವಿಟ್ಟು ಕೀಳಿಸಬೇಡಿ. ತೊಳೆದು, ಒಡೆದ ಒಂದೆರಡನ್ನು ಬದಲಿಸಿದರೆ ಸಾಕು.

ತಪ್ಪು ಕಲ್ಪನೆ 2: ಇಟ್ಟಿಗೆಯ ಮೇಲೆ ಯಾವ ಅಂಟಿನಿಂದಾದರೂ ಟೈಲ್ಸ್ ಕೂಡಿಸಬಹುದು.

ವಾಸ್ತವ: ಫೈರ್‌ಪ್ಲೇಸ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಡಬ್ಬಿಯಲ್ಲಿ ಕಲಸಿಯೇ ಬರುವ ಮ್ಯಾಸ್ಟಿಕ್ ಅಂಟು ಬಿಸಿಗೆ ಮೆತ್ತಗಾಗಿ ಟೈಲ್ ಜಾರುತ್ತದೆ. ಬೇಕಾದದ್ದು ನೀರು ಹಾಕಿ ಕಲಸುವ ಸಿಮೆಂಟ್ ಆಧಾರದ ಟೈಲ್ ಅಡ್ಹೆಸಿವ್. ಫೈರ್‌ಪ್ಲೇಸ್ ಸುತ್ತ ಬಳಸಬಹುದು ಎಂದು ಚೀಲದ ಮೇಲೆ ಬರೆದಿದೆಯೇ, ನೋಡಿಕೊಳ್ಳಿ.

ಅಂಟಿಗಿಂತ ಮುಖ್ಯ, ಅದು ಹಿಡಿದುಕೊಳ್ಳುವ ಮೈ. ಇಟ್ಟಿಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ನೀರು ಒಳಗೆ ಹೀರಿಕೊಂಡರೆ ಮೈ ಚೊಕ್ಕಟವಾಗಿದೆ. ಮುತ್ತಿನಂತೆ ನಿಂತು ಜಾರಿದರೆ ಜಿಡ್ಡು, ಬಣ್ಣ ಅಥವಾ ಸೀಲರ್ ಇದೆ ಎಂದರ್ಥ. ಅಂಟು ಹಿಡಿಯುವುದು ಅದನ್ನೇ ಹೊರತು ಇಟ್ಟಿಗೆಯನ್ನಲ್ಲ. ಉಜ್ಜಿ ತೊಳೆದು ಒಣಗಿಸಿ, ಇಟ್ಟಿಗೆಗಳ ನಡುವಿನ ತಗ್ಗು ಸಂದುಗಳನ್ನು ತೆಳ್ಳಗೆ ಗಾರೆ ಎಳೆದು ಮಟ್ಟ ಮಾಡಿ, ಅದು ಒಣಗಿದ ಮೇಲೆ ಟೈಲ್ಸ್ ಕೂಡಿಸಬೇಕು. ಕೆಲಸ ಮುಗಿದು ಅಂಟು ಗಟ್ಟಿಯಾದ ಮೇಲೆ ಒಂದೊಂದು ಟೈಲ್‌ಗೂ ನಾಣ್ಯದಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಕಡೆ ಅಂಟು ತುಂಬಿಲ್ಲ. ಚೀಲದಲ್ಲಿ ಹೇಳಿದಷ್ಟು ದಿನ ಬಿಟ್ಟು, ಮೊದಲ ಸಲ ಸಣ್ಣ ಬೆಂಕಿ ಹಾಕಿ.

ಕಟ್ಟಿಗೆ ಉರಿಯುವ ಗೂಡಿನ ಒಳಗೋಡೆಗೆ ಮಾಮೂಲಿ ಟೈಲ್ಸ್ ಬೇಡವೇ ಬೇಡ. ಅಲ್ಲಿಗೆ ಬೆಂಕಿ ಇಟ್ಟಿಗೆ, ಕಾವು ತಡೆಯುವ ಗಾರೆ ಮಾತ್ರ. ಅಮೆರಿಕದಲ್ಲಿ 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಹಳೆಯ ಅಂಟಿನಲ್ಲಿ ಕಲ್ನಾರೂ ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯುವುದು, ಒಡೆಯುವುದು ಬೇಡ.

ತಪ್ಪು ಕಲ್ಪನೆ 3: ಅಂಗಡಿಯಲ್ಲಿ ಚೆಂದ ಕಂಡ ಯಾವ ಟೈಲ್ ಆದರೂ ಸರಿ.

ವಾಸ್ತವ: ಸೆರಾಮಿಕ್, ಪೋರ್ಸಲೇನ್ ನಿಶ್ಚಿಂತೆಯ ಆಯ್ಕೆ. ಗಾಜಿನ ಟೈಲ್ ದಿಢೀರ್ ಬಿಸಿಗೆ ಬಿರುಕು ಬಿಡಬಹುದು. ಅಮೃತಶಿಲೆ ಬಿಸಿ ತಡೆದರೂ ಮಸಿಯ ಕಲೆ ಹೀರುತ್ತದೆ. ಅದನ್ನು ನಿಂಬೆಹಣ್ಣು, ವಿನೆಗರ್ ಹಾಕಿ ಉಜ್ಜಿದರೆ ಹೊಳಪೇ ಹೋಗುತ್ತದೆ. ಹಿಂಬದಿಯ ಕಾಗದ ಕಿತ್ತು ಅಂಟಿಸುವ ವಿನೈಲ್ ಹಾಳೆಗಳನ್ನು ಬೆಂಕಿ ಹಾಕುವ ಫೈರ್‌ಪ್ಲೇಸ್ ಹತ್ತಿರವೂ ತರಬೇಡಿ. ಅವು ಸುಡುವ ವಸ್ತು.

ತಪ್ಪು ಕಲ್ಪನೆ 4: ಮೇಲಿನ ಮರದ ಹಲಗೆಯನ್ನು ಕಣ್ಣಿಗೆ ಸರಿ ಕಂಡ ಎತ್ತರದಲ್ಲಿ ಕೂಡಿಸಬಹುದು.

ವಾಸ್ತವ: ಮ್ಯಾಂಟಲ್ ಎನ್ನುವ ಆ ಹಲಗೆಗೆ ಅಳತೆ ಇದೆ. ಕಟ್ಟಿಗೆ ಉರಿಸುವ ಇಟ್ಟಿಗೆಯ ಫೈರ್‌ಪ್ಲೇಸ್‌ಗೆ ಅಮೆರಿಕದ ಮನೆ ಕಟ್ಟುವ ಮಾದರಿ ನಿಯಮ ಹೇಳುವುದಿಷ್ಟು: ಬಾಯಿಯ ಅಂಚಿನಿಂದ 6 ಇಂಚಿನೊಳಗೆ ಮರ ಇರಕೂಡದು. 12 ಇಂಚಿನೊಳಗಿರುವ ಮರ, ದೂರದ ಪ್ರತಿ ಇಂಚಿಗೆ ಕಾಲಿಂಚಿನ ಅರ್ಧಕ್ಕಿಂತ ಹೆಚ್ಚು ಮುಂದೆ ಚಾಚಕೂಡದು. ಅಂದರೆ 8 ಇಂಚು ಮೇಲಿರುವ ಮರದ ಪಟ್ಟಿ 1 ಇಂಚು ಮಾತ್ರ ಚಾಚಬಹುದು. ಬೊಂಬೆ, ಫೋಟೊ ಇಡುವಷ್ಟು ಅಗಲದ ಹಲಗೆ ಬೇಕಾದರೆ 12 ಇಂಚಿಗಿಂತ ಮೇಲೆಯೇ ಹೋಗಬೇಕು.

ನೆಲಕ್ಕೂ ಲೆಕ್ಕವಿದೆ. ಬಾಯಿ 6 ಚದರ ಅಡಿಗಿಂತ ಚಿಕ್ಕದಿದ್ದರೆ ಕಲ್ಲು ಅಥವಾ ಟೈಲ್ ನೆಲಗಟ್ಟು ಮುಂದಕ್ಕೆ 16 ಇಂಚು, ಎರಡೂ ಪಕ್ಕಕ್ಕೆ 8 ಇಂಚು ಇರಬೇಕು. ಅದಕ್ಕಿಂತ ದೊಡ್ಡದಿದ್ದರೆ 20 ಮತ್ತು 12. ಸಿಡಿದ ಕಿಡಿ ಬೀಳುವುದು ಅಲ್ಲೇ. ಕೊಡಗಿನ ಬಂಗಲೆಯ ಮರದ ನೆಲಕ್ಕೂ ಇದೇ ಅಳತೆ ಇಟ್ಟುಕೊಳ್ಳುವುದು ಕ್ಷೇಮ.

ತಪ್ಪು ಕಲ್ಪನೆ 5: ಹೊರಗಿನ ಟೈಲ್ಸ್ ಕೆಲಸಕ್ಕೂ ಚಿಮಣಿಗೂ ಸಂಬಂಧವಿಲ್ಲ.

ವಾಸ್ತವ: ಕಟ್ಟಿಗೆಯ ಹೊಗೆ ತಣ್ಣಗಾದಾಗ ಚಿಮಣಿಯ ಒಳಗೋಡೆಗೆ ಟಾರಿನಂಥ ಕ್ರಿಯೋಸೋಟ್ ಅಂಟುತ್ತದೆ. ಅದು ಹೊತ್ತಿಕೊಂಡರೆ ಚಿಮಣಿಯೇ ಉರಿಯುತ್ತದೆ. ಹಸಿ ಕಟ್ಟಿಗೆ ಹಾಕಿದಷ್ಟೂ ಇದು ಬೇಗ ಕಟ್ಟಿಕೊಳ್ಳುತ್ತದೆ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಆಗಲಿ ಕಾಫಿ ಕಟ್ಟಿಗೆಯಾಗಲಿ, ಸೀಳಿ ಒಂದು ಬೇಸಗೆಯಾದರೂ ಪೂರ್ತಿ ಒಣಗಿರಬೇಕು. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಹಕ್ಕಿಗೂಡು, ನೀರಿನ ಸೋರಿಕೆ ನೋಡಿಸದೆ ಬೆಂಕಿ ಹಾಕಬಾರದು. ಬಳಕೆ ಕಡಿಮೆ ಇದ್ದರೂ ವರ್ಷಕ್ಕೊಮ್ಮೆ ತಪಾಸಣೆ ಬೇಕೇ ಬೇಕು. ಹೊಸ ಟೈಲ್ಸ್ ಮೇಲೆ ಮಸಿ ಸುರಿಸಿಕೊಳ್ಳುವ ಬದಲು ಈ ಕೆಲಸ ಮೊದಲು ಮುಗಿಸಿ.

ತಪ್ಪು ಕಲ್ಪನೆ 6: ಗ್ಯಾಸ್ ಫೈರ್‌ಪ್ಲೇಸ್ ಆದರೆ ಹೇಗೆ ಬೇಕಾದರೂ ಸಿಂಗರಿಸಬಹುದು.

ವಾಸ್ತವ: ಅದರ ಮುಂದಿನ ಗಾಜು, ಮುಟ್ಟಿದ ಕೂಡಲೇ ಮಕ್ಕಳ ಕೈ ಸುಡುವಷ್ಟು ಕಾಯುತ್ತದೆ, ಆರಿಸಿದ ಮೇಲೂ ಹೊತ್ತು ಹಿಡಿದೇ ತಣಿಯುತ್ತದೆ. ಅಂತರದ ಅಳತೆ ಆಯಾ ಮಾಡೆಲ್‌ನ ಕೈಪಿಡಿಯಲ್ಲಿರುತ್ತದೆ. ಗಾಳಿಯ ಕಿಂಡಿಗೆ ಟೈಲ್ ಮುಚ್ಚಬಾರದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಟ್ಟಿಗೆಯ ಮನೆಗೂ ಬೇಕು, ಗ್ಯಾಸಿನ ಮನೆಗೂ ಬೇಕು.

ತಪ್ಪು ಕಲ್ಪನೆ 7: ಹಬ್ಬದ ಅಲಂಕಾರ ಇದ್ದಂತೆಯೇ ಬೆಂಕಿ ಹಾಕಬಹುದು.

ವಾಸ್ತವ: ಒಂದು ಹೊತ್ತಿಗೆ ಒಂದೇ: ಬೆಂಕಿ ಇಲ್ಲವೇ ಅಲಂಕಾರ. ನವರಾತ್ರಿಗೆ ಬೊಂಬೆ ಕೂರಿಸಲು ಫೈರ್‌ಪ್ಲೇಸ್ ಮುಂದಿನ ಜಾಗಕ್ಕಿಂತ ಒಳ್ಳೆಯದು ಸಿಗಲಾರದು. ಆದರೆ ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದು. ಕಾವು ತಾಗಿದರೆ ಮೆತ್ತಗಾಗುತ್ತದೆ. ಆ ಒಂಬತ್ತು ದಿನ ಒಲೆಗೆ ರಜೆ ಕೊಡಿ. ದೀಪಾವಳಿಗೆ ಒಲೆ ಆರಿ ತಣ್ಣಗಿದ್ದಾಗ ಗೂಡಿನೊಳಗೇ ಹಣತೆಗಳನ್ನು ಸಾಲಾಗಿಡಿ. ಹಿಂದಿನ ಕಪ್ಪು ಗೋಡೆಗೆ ಬೆಳಕು ಎದ್ದು ಕಾಣುತ್ತದೆ, ಮೇಲೆ ಪರದೆ ಹತ್ತುವ ಭಯವೂ ಇಲ್ಲ. ಕ್ರಿಸ್‌ಮಸ್ ಮರ 3 ಅಡಿಯಾದರೂ ದೂರವಿರಲಿ. ಒಲೆ ಹಚ್ಚುವ ಮುನ್ನ ಮ್ಯಾಂಟಲ್‌ಗೆ ತೂಗುಹಾಕಿದ ಕಾಲುಚೀಲ ತೆಗೆಯಿರಿ. ಸಂಕ್ರಾಂತಿ ಬರುವುದು ಚಳಿಯ ನಡುವೆ. ಬೆಂಕಿ ಬೇಕೇ ಬೇಕಾದ ಆ ದಿನ ನೆಲಗಟ್ಟಿನ ಕಲ್ಲಿನ ಮೇಲೆ ರಂಗೋಲಿಯಷ್ಟೇ ಸಾಕು, ಪುಡಿಗೆ ಬೆಂಕಿ ಹತ್ತದು. ಯುಗಾದಿಯ ಹೊತ್ತಿಗೆ ಒಲೆಯ ಕೆಲಸ ಬಹುತೇಕ ಮುಗಿದಿರುತ್ತದೆ. ಆಗ ಮ್ಯಾಂಟಲ್‌ಗೆ ತೋರಣ ಕಟ್ಟಿ, ಬರಿದಾದ ಗೂಡಿನಲ್ಲಿ ಹಿತ್ತಾಳೆಯ ಕೊಡ, ಹಸಿರು ಗಿಡ ಇಡಿ.

ತಪ್ಪು ಕಲ್ಪನೆ 8: ಹಬ್ಬ ಮುಗಿದ ಮೇಲೆ ಒಣ ತೋರಣ, ಬಣ್ಣದ ಕಾಗದ ಅಲ್ಲೇ ಸುಡಬಹುದು.

ವಾಸ್ತವ: ಕಾಗದ ಭಗ್ಗೆಂದು ಉರಿದು, ಹಾರಿದ ಚೂರು ಚಿಮಣಿಯ ಕ್ರಿಯೋಸೋಟ್‌ಗೆ ಕಿಡಿ ತಾಗಿಸಬಹುದು. ಒಲೆಗೆ ಹಾಕುವುದು ಒಣ ಕಟ್ಟಿಗೆ ಮಾತ್ರ. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ತುಂಬಿ ಮನೆಯಿಂದಾಚೆ ಇಡಿ.

ಹಾಗಾಗಿ ಕೆಲಸದ ಕ್ರಮ ಇಷ್ಟು: ಚಿಮಣಿ ತಪಾಸಣೆ, ಅಳತೆ, ಮೈ ಚೊಕ್ಕಟ, ಟೈಲ್ಸ್, ಆಮೇಲೆ ಹಬ್ಬದ ಸಿಂಗಾರ. ಈ ಕ್ರಮದಲ್ಲಿ ಮಾಡಿಸಿದ ಟೈಲ್ಸ್ ನಿಮ್ಮ ಮಕ್ಕಳ ಕಾಲಕ್ಕೂ ಅಲುಗದೆ ನಿಲ್ಲುತ್ತವೆ. ಮೇಲಿನ ಅಲಂಕಾರವನ್ನು ಋತುವಿಗೊಮ್ಮೆ ನಿಮ್ಮ ಮನಸ್ಸಿಗೆ ಬಂದಂತೆ ಬದಲಿಸುತ್ತ ಹೋಗಬಹುದು.