ಬೆಲೆ ಇರುವಾಗಲೇ ಕೇಳಬೇಕಾದ ಪ್ರಶ್ನೆ

1980ರ ಸುಮಾರಿಗೆ ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಬೆಳೆದ ಕೊಕ್ಕೊಗೆ ಕೊಳ್ಳುವವರಿಲ್ಲದ ಕಾಲ ಬಂತು. ಅಡಿಕೆಯ ನೆರಳಲ್ಲಿ ಕೊಕ್ಕೊ ಹಾಕಿ, ಕೊಳ್ಳುವ ಹೊಣೆ ನಮ್ಮದು ಎಂಬ ಕಂಪನಿಯೊಂದರ ಭರವಸೆಯ ಮೇಲೆ ಗಿಡ ನೆಟ್ಟವರು ಅಲ್ಲಿನ ಬೆಳೆಗಾರರು. ಅಂತರರಾಷ್ಟ್ರೀಯ ದರ ಕುಸಿಯಿತು, ಆ ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. ಅಡಿಕೆಯಾದರೆ ಒಣಗಿಸಿ, ಚೀಲ ಕಟ್ಟಿ, ಒಳ್ಳೆಯ ದರಕ್ಕೆ ಕಾಯಬಹುದು. ಕೊಕ್ಕೊದ ಹಸಿಬೀಜಕ್ಕೆ ಆ ಸಾವಕಾಶವಿಲ್ಲ, ಕಾಯಿ ಒಡೆದ ಮೇಲೆ ಹುದುಗು ಬರಿಸುವ ಕೆಲಸ ಕೂಡಲೇ ಶುರುವಾಗಬೇಕು. ಬೇಸತ್ತು ಗಿಡ ಕಡಿದವರೂ ಇದ್ದಾರೆ.

ಆಗ ಮುಂದೆ ಬಂದದ್ದು ಅಡಿಕೆಗಾಗಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗ ಅಡ್ಯನಡ್ಕ ಸಮೀಪದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಗ್ಗೂಡಿಸಿದರು. 1973ರ ಜುಲೈ 11ರಂದು ಕರ್ನಾಟಕ ಮತ್ತು ಕೇರಳ ಎರಡಕ್ಕೂ ಸೇರಿದ ಸಂಸ್ಥೆಯಾಗಿ ಅದು ಮಂಗಳೂರಿನಲ್ಲಿ ನೋಂದಣಿಯಾಯಿತು. ಮಾರುಕಟ್ಟೆಯ ಅಷ್ಟೂ ಅಡಿಕೆಯನ್ನು ಕೊಳ್ಳುವ ಶಕ್ತಿ ಅದಕ್ಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಬೆಳಿಗ್ಗೆ ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್ ಎಂದು ದರ ಪ್ರಕಟಿಸಿ, ಆ ದರಕ್ಕೆ ನಿಜವಾಗಿಯೂ ಕೊಳ್ಳುವ ಒಬ್ಬ ಖರೀದಿದಾರ ಊರಲ್ಲಿದ್ದರೆ ಉಳಿದ ವ್ಯಾಪಾರಿಗಳು ಅದಕ್ಕಿಂತ ತೀರಾ ಕೆಳಗೆ ಕೇಳುವುದು ಕಷ್ಟ. ಸಹಕಾರದ ಬಲ ಇರುವುದೇ ಇಲ್ಲಿ.

ಕೊಕ್ಕೊ ಖರೀದಿಗಿಳಿದ ಕ್ಯಾಂಪ್ಕೊ ಬೀಜ ಮಾರಿ ಸುಮ್ಮನಾಗಲಿಲ್ಲ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. 1986ರಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್‌ಸಿಂಗ್ ಅದನ್ನು ಉದ್ಘಾಟಿಸಿದರು. ಚಾಕಲೇಟ್ ಮಾಡಿ ಗೊತ್ತಿಲ್ಲದ ಊರು, ಎದುರಿಗೆ ಬಹುರಾಷ್ಟ್ರೀಯ ಕಂಪನಿಗಳು, ಹೂಡುವ ದುಡ್ಡು ಕೃಷಿಕರದ್ದು. ಸೋತಿದ್ದರೆ ಆ ನಾಯಕರ ಹೆಸರು ಇಂದು ಬೇರೆ ರೀತಿಯಲ್ಲಿ ನೆನಪಾಗುತ್ತಿತ್ತು. ನನ್ನ ಮಟ್ಟಿಗೆ ಕರ್ನಾಟಕದ ಕೃಷಿ ನಾಯಕತ್ವದ ಅತ್ಯಂತ ಧೈರ್ಯದ ನಿರ್ಧಾರಗಳಲ್ಲಿ ಅದೊಂದು.

ಈ ಹಳೆಯ ಕಥೆಯನ್ನು ಈಗ ತೆಗೆಯಲು ಕಾರಣವಿದೆ. ಕ್ಯಾಂಪ್ಕೊ ಕಟ್ಟುವ, ಕೊಕ್ಕೊಗೆ ಇಳಿಯುವ ಎರಡೂ ನಿರ್ಧಾರಗಳು ಬಂದದ್ದು ಬೆಲೆ ಬಿದ್ದಾಗ. ಆಗ ಕೃಷಿಕರು ನಾಯಕರ ಮಾತು ಕೇಳುವ ಸ್ಥಿತಿಯಲ್ಲಿದ್ದರು. ಇಂದು ಸ್ಥಿತಿ ತಿರುಗಿದೆ. 2021ರಿಂದೀಚೆಗೆ ಚಾಲಿ ಅಡಿಕೆ ಹಲವು ಬಾರಿ ಕಿಲೋಗೆ ₹400ರ ಗಡಿ ದಾಟಿದೆ. ಬೆಲೆ ಚೆನ್ನಾಗಿರುವಾಗ ಎಚ್ಚರಿಕೆಯ ಮಾತು ಯಾರಿಗೂ ಬೇಡ. ಇವತ್ತಿನ ನಾಯಕರ ಕಷ್ಟ ಅದು.

ಎಚ್ಚರಿಕೆ ಬೇಕಾದದ್ದು ಯಾಕೆ? ಬಯಲುಸೀಮೆಯ ಕಡೆ ಹೋಗಿ ನೋಡಿ. ಚನ್ನಗಿರಿಯಲ್ಲಿ, ಹೊಳಲ್ಕೆರೆಯಲ್ಲಿ, ತುಮಕೂರಿನ ತಾಲ್ಲೂಕುಗಳಲ್ಲಿ ಅಡಿಕೆ ಹಬ್ಬುತ್ತಲೇ ಇದೆ. ಭದ್ರಾ ನಾಲೆಯ ಭತ್ತದ ಗದ್ದೆಗಳು ತೋಟಗಳಾಗಿವೆ. ಆ ರೈತರನ್ನು ದೂರುವಂತಿಲ್ಲ; ಭತ್ತ ಕೊಡದ ನೆಮ್ಮದಿಯನ್ನು ಅಡಿಕೆ ಕೊಟ್ಟಿದೆ. ಆದರೆ ಇಂದು ನೆಟ್ಟ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಆ ಮೇಲೆ ಅದು ದಶಕಗಳ ಕಾಲ ನಿಲ್ಲುವ ಮರ. ಅಷ್ಟೂ ಅಡಿಕೆಯನ್ನು ಮುಖ್ಯವಾಗಿ ನಮ್ಮ ದೇಶದವರೇ ಜಗಿಯಬೇಕು. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಗುಟ್ಕಾ ಬೇರೆ, ನಮ್ಮ ತಾಂಬೂಲ ಬೇರೆ ಎಂಬ ಬೆಳೆಗಾರರ ವಾದವನ್ನು ನಾನು ಗೌರವಿಸುತ್ತೇನೆ. ಆದರೂ ವಿಜ್ಞಾನದ ತಕರಾರಿಗೆ ಉತ್ತರ ಬರಬೇಕಾದದ್ದು ಪಕ್ಕಾ ಸಂಶೋಧನೆಯಿಂದ. ಮನವಿಪತ್ರಗಳಿಂದ ಅದು ಬಾರದು.

ಮನವಿ, ನಿಯೋಗಗಳಿಂದ ಆಗುವ ಕೆಲಸ ಬೇರೆ ಇದೆ, ಅದು ಸಣ್ಣದಲ್ಲ. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರ ಕಿಲೋಗೆ ₹251ರಿಂದ ₹351ಕ್ಕೆ ಏರಿತು. ಅದರ ಹಿಂದಿನ ವರ್ಷ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಯನ್ನು ಆ ದರದ ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಅನುಮತಿ ಕೊಟ್ಟಾಗ ಮಲೆನಾಡು, ಕರಾವಳಿಯಲ್ಲಿ ಆತಂಕ ಎದ್ದಿತ್ತು. ಬಾಗಿಲು ಕಾಯುವವರು ಬೇಕು. ಆದರೆ ಮನೆಯೊಳಗೆ ಆಗುತ್ತಿರುವುದನ್ನೂ ಅವರೇ ನೋಡಬೇಕು.

ಸುಳ್ಯದ ಸಂಪಾಜೆ ಕಡೆ, ಶೃಂಗೇರಿ, ಕೊಪ್ಪದಲ್ಲಿ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. ಇದಕ್ಕೆ ಇವತ್ತಿಗೂ ಖಚಿತ ಮದ್ದಿಲ್ಲ. ಅದರ ಮೇಲೆ ಎಲೆಚುಕ್ಕಿ ರೋಗ ಬಂತು. ಮಳೆ ಬಿಡುವು ಕೊಡದ ವರ್ಷ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ದ್ರಾವಣ ಹೊಡೆಯಲು ಮರ ಹತ್ತುವವರೇ ಸಿಗುವುದಿಲ್ಲ. ಕೊನೆಗಾರರ ಮಕ್ಕಳು ಬೇರೆ ಕೆಲಸ ಹುಡುಕಿಕೊಂಡಿದ್ದಾರೆ, ಅದು ಸರಿಯೂ ಹೌದು. ಜೀವ ಪಣಕ್ಕಿಟ್ಟು ಮರದಿಂದ ಮರಕ್ಕೆ ಜಿಗಿಯುವ ಕೆಲಸವನ್ನು ಇನ್ನೊಂದು ತಲೆಮಾರು ಮಾಡಲಿ ಎಂದು ಬಯಸುವುದು ನ್ಯಾಯವಲ್ಲ. ನೆಲದ ಮೇಲೆ ನಿಂತೇ ಕೊಯ್ಯುವ, ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ, ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರ ಬೆಳೆಸಿದ ಗಿಡ್ಡ ತಳಿಗಳು ದಾರಿ ತೋರಿಸಿವೆ. ಆ ದೋಟಿ ಸಣ್ಣ ಹಿಡುವಳಿದಾರನಿಗೆ ದುಬಾರಿ. ತರಬೇತಾದ ತಂಡಗಳನ್ನು ಗ್ರಾಮ ಮಟ್ಟದಲ್ಲಿ ಇಡುವುದು ಪ್ರಾಥಮಿಕ ಸಹಕಾರಿ ಸಂಘಗಳ ಕೆಲಸವಾಗಬೇಕು.

ಅವಕಾಶಗಳ ಮಾತಿಗೆ ಬಂದರೆ ಮತ್ತೆ ಕೊಕ್ಕೊ. ಐವರಿ ಕೋಸ್ಟ್, ಘಾನಾದಲ್ಲಿ ಹವಾಮಾನ ಕೆಟ್ಟು, ರೋಗ ತಗುಲಿ ಫಸಲು ಕುಸಿದಾಗ 2024ರಲ್ಲಿ ವಿಶ್ವದರ ಟನ್ನಿಗೆ 10,000 ಡಾಲರ್ ಮೀರಿತು. ಮರುವರ್ಷ ಅರ್ಧಕ್ಕರ್ಧ ಇಳಿಯಿತು. ಭಾರತ ಈಗಲೂ ಕೊಕ್ಕೊ ಆಮದು ಮಾಡಿಕೊಳ್ಳುವ ದೇಶ. ದೇಶದಲ್ಲಿ ಹೆಚ್ಚು ಬೆಳೆಯುವ ರಾಜ್ಯವಾಗಿ ಆಂಧ್ರ ಮುಂದೆ ಹೋಗಿದೆ, ಕಾರ್ಖಾನೆ ಕಟ್ಟಿದ ನಾವು ಹಿಂದೆ ಉಳಿದಿದ್ದೇವೆ. ಅಡಿಕೆ ಮರಕ್ಕೆ ಹಬ್ಬುವ ಕಾಳುಮೆಣಸೂ ಇದೆ. ಹಾಳೆ ತಟ್ಟೆ ಎಲ್ಲರ ಬಾಯಲ್ಲಿದ್ದ ಭರವಸೆ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳ ಸುರಕ್ಷತೆಯನ್ನು ಪ್ರಶ್ನಿಸಿ ಅವನ್ನು ಮಾರಬಾರದೆಂದಿತು. ಅಡಿಕೆಯ ಮೇಲಿನ ಸಂಶಯ ಹಾಳೆಗೂ ಅಂಟಿತು. ಪ್ರಯೋಗಾಲಯದ ಕೆಲಸವನ್ನು ಮುಂದೂಡಿದರೆ ಉಪ ಉತ್ಪನ್ನವೂ ಉಳಿಯುವುದಿಲ್ಲ.

ನಾಯಕತ್ವ ಅಧ್ಯಕ್ಷರ ಕುರ್ಚಿಗೆ ಮಾತ್ರ ಸೇರಿದ್ದಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅದರ ಸಂಪಾದಕ ಶ್ರೀಪಡ್ರೆ ಮಳೆಕೊಯ್ಲು, ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದು ಹೊಸ ಯೋಚನೆಗಳನ್ನು ತೋಟಕ್ಕೆ ತಂದರು. ಬೆಳೆಗಾರನೊಂದಿಗೆ ನೇರವಾಗಿ, ಮುಲಾಜಿಲ್ಲದೆ ಮಾತಾಡುವ ಅಂಥ ಪರಂಪರೆ ನಮ್ಮಲ್ಲಿದೆ. ಶಿರಸಿಯ ತೋಟಗಾರರ ಸೊಸೈಟಿ 1923ರದ್ದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು. ಇಷ್ಟು ಹಳೆಯ, ಇಷ್ಟು ಗಟ್ಟಿಯಾದ ಸಂಸ್ಥೆಗಳು ಬಹಳ ಬೆಳೆಗಳಿಗೆ ಇಲ್ಲ. ಹೊಸ ತೋಟ ಸಾಕು, ಇರುವ ತೋಟದಲ್ಲಿ ಎರಡನೇ ಬೆಳೆ ಎಬ್ಬಿಸಿ ಎಂದು ಒಕ್ಕೊರಲಿನಿಂದ ಹೇಳುವ ಅಧಿಕಾರ ಇರುವುದು ಇವಕ್ಕೇ. ಚುನಾವಣೆಯಲ್ಲಿ ಮತ ಬೀಳದ ಮಾತು ಅದು, ನಿಜ.

ಆದ್ದರಿಂದ ಸದಸ್ಯರಾದ ನಿಮ್ಮಲ್ಲಿ ಒಂದು ವಿನಂತಿ. ಈ ಬಾರಿಯ ವಾರ್ಷಿಕ ಮಹಾಸಭೆಯಲ್ಲಿ ಧಾರಣೆ, ಡಿವಿಡೆಂಡ್ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಅಡಿಕೆಯ ಆರೋಗ್ಯ ಸಂಶೋಧನೆಗೆ, ರೋಗಕ್ಕೆ, ಕೊಕ್ಕೊ ಖರೀದಿಯ ಭದ್ರತೆಗೆ ನಮ್ಮ ಸಂಘ ಈ ವರ್ಷ ಎಷ್ಟು ಹಣ ಇಟ್ಟಿದೆ? ಉತ್ತರ ಸಿಗುವವರೆಗೆ ಕೂರಬೇಡಿ.