ಹುಳದ ಕೋಣೆಗೆ ಒಳಗೋಡೆ, ಚಳಿಗಾಲಕ್ಕೆ ಬಿಸಿ



ಶ್ರೀನಿವಾಸಪುರದ ಕಡೆಯ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು ನಿಂತು ಕೇಳಿದರು: "ಸಿಸ್ಟರ್, ಮನೆ ಪಕ್ಕ ಬೈಕು, ನೇಗಿಲು ಇಡೋ ಶೆಡ್ ಇತ್ತು. ಅದನ್ನ ಮುಚ್ಚಿ ಹುಳ ಸಾಕ್ತಾ ಇದೀವಿ. ಮೇಲೆ ಶೀಟು. ಚಳಿಗಾಲದಲ್ಲಿ ಬೆಳೆ ಕೈ ಕೊಡುತ್ತೆ. ಪೇಟೆ ಅಂಗಡಿಗಳಲ್ಲಿ ಬಿಳೀ ಬೋರ್ಡ್ ಹೊಡೀತಾರಲ್ಲ, ಅದನ್ನ ಹೊಡೆಸಿ ಒಳಗೆ ಕೆಂಡ ಇಟ್ರೆ ಆಗುತ್ತಾ?" ಸಂಘದಿಂದ ಸಾಲ ತೆಗೆದು ಮಾಡುವ ಕೆಲಸವಾದ್ದರಿಂದ ಉತ್ತರವನ್ನು ಎಲ್ಲರಿಗೂ ಬರೆಯುತ್ತಿದ್ದೇನೆ. ಆ ಪ್ರಶ್ನೆಯ ಕೊನೆಯ ಮೂರು ಮಾತು, "ಒಳಗೆ ಕೆಂಡ ಇಟ್ರೆ" ಎಂಬುದು, ನನ್ನನ್ನು ಆ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ.

ಮೊದಲು ಬಿಸಿ ಏಕೆ ಬೇಕು ಎಂದು ತಿಳಿಯೋಣ. ರೇಷ್ಮೆ ಹುಳಕ್ಕೆ ನಮ್ಮ ಹಾಗೆ ಸ್ವಂತ ಮೈಬಿಸಿ ಇಲ್ಲ. ಕೋಣೆ ಎಷ್ಟು ಬಿಸಿಯೋ ಹುಳವೂ ಅಷ್ಟೇ. ಚಾಕಿ ಹುಳಕ್ಕೆ 27ರಿಂದ 28 ಡಿಗ್ರಿ ಬೇಕು. ಈಗ ನಮ್ಮಲ್ಲಿ ಬಹಳ ಮಂದಿ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳವನ್ನೇ ತರುತ್ತೇವೆ. ಅದಕ್ಕೆ 26 ಡಿಗ್ರಿ, ನಾಲ್ಕನೇ ಹಂತಕ್ಕೆ 25, ಕೊನೆಯ ಹಂತಕ್ಕೆ 24 ಡಿಗ್ರಿ ಸಾಕು. ಆದರೆ ಡಿಸೆಂಬರ್, ಜನವರಿಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು ಕಡೆ ಎಷ್ಟೋ ರಾತ್ರಿ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಆಗ ಹುಳ ಸೊಪ್ಪು ತಿನ್ನುವುದು ಕಡಿಮೆ ಮಾಡುತ್ತದೆ. ಒಂದು ಜ್ವರಕ್ಕೆ ಕೂತರೆ ಪಕ್ಕದ್ದು ಇನ್ನೂ ತಿನ್ನುತ್ತಾ ಇರುತ್ತದೆ. ಬೆಳೆ ನಾಲ್ಕೈದು ದಿನ ಮುಂದಕ್ಕೆ ಹೋಗುತ್ತದೆ, ಅಷ್ಟು ದಿನದ ಸೊಪ್ಪು ಹೆಚ್ಚು, ಕೂಲಿ ಹೆಚ್ಚು. ಚಳಿಯ ಜೊತೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗ ಬಂದೇ ಬಿಡುತ್ತದೆ.

ಇನ್ನು ಬೋರ್ಡಿನ ವಿಷಯ. ಅದು ಜಿಪ್ಸಮ್ ಬೋರ್ಡ್. ಎರಡು ದಪ್ಪ ಕಾಗದದ ನಡುವೆ ಜಿಪ್ಸಮ್ ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಅಮೆರಿಕ, ಕೆನಡಾದಂಥ ಹಿಮ ಬೀಳುವ ದೇಶಗಳಲ್ಲಿ ಜನ ಕಾರು ನಿಲ್ಲಿಸುವ ಗ್ಯಾರೇಜನ್ನೇ ಕೆಲಸದ ಕೋಣೆ ಮಾಡಿಕೊಳ್ಳುತ್ತಾರೆ. ಮರದ ಚೌಕಟ್ಟಿನ ನಡುವೆ ಗಾಜಿನ ನಾರಿನ ಹಾಸಿಗೆ ತುಂಬಿ, ಮೇಲೆ ಈ ಬೋರ್ಡ್ ಹೊಡೆದು, ಹೀಟರ್ ಹಾಕುತ್ತಾರೆ. ಅಲ್ಲಿ ಬಿಸಿಯನ್ನು ಹಿಡಿದಿಡುವುದು ಬೋರ್ಡ್ ಅಲ್ಲ, ಹಿಂದಿನ ಆ ನಾರು ಮತ್ತು ಅದರೊಳಗೆ ಸಿಕ್ಕಿಕೊಂಡ ಗಾಳಿ. ಬರೀ ಬೋರ್ಡ್ ಹೊಡೆದರೆ ನೋಡಲು ಚೆಂದ, ಬಿಸಿಗೆ ಹೆಚ್ಚು ಉಪಯೋಗ ಇಲ್ಲ.

ಅದಕ್ಕಿಂತ ದೊಡ್ಡ ತೊಂದರೆ ನೀರು. ಹುಳದ ಕೋಣೆಯಲ್ಲಿ ತೇವ 70ರಿಂದ 80 ಭಾಗ ಇರಬೇಕು. ಒಂದೊಂದು ಬೆಳೆ ಮುಗಿದ ಮೇಲೂ ತೊಳೆಯಬೇಕು, 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಸುಣ್ಣ ಕಲಸಿ ಗೋಡೆ, ಸೂರು, ನೆಲ ಎಲ್ಲಾ ತೋಯುವಂತೆ ಹೊಡೆಯಬೇಕು. ಮಾಮೂಲಿ ಜಿಪ್ಸಮ್ ಬೋರ್ಡ್ ಇದನ್ನು ತಡೆಯುವುದಿಲ್ಲ. ಕಾಗದ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಬೋರ್ಡಿನ ಹಿಂದೆ ಇಲಿ ಸಂಸಾರ ಹೂಡುತ್ತದೆ. ಔಷಧಿ ತಲುಪದ ಸಂದಿನಲ್ಲಿ ಹಳೇ ಬೆಳೆಯ ರೋಗ ಕೂತಿರುತ್ತದೆ. ಆದ್ದರಿಂದ ನನ್ನ ಮಾತು: ಹುಳದ ಕೋಣೆಗೆ ಈ ಬೋರ್ಡ್ ಬೇಡ. ಹೊಲಿಗೆ ಮೆಷಿನ್ ಇಡುವ ಒಣ ಕೋಣೆಗಾದರೆ ಧಾರಾಳವಾಗಿ ಹೊಡೆಸಿಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಶೆಡ್ಡಿನಲ್ಲಿ ಬಿಸಿ ಹೆಚ್ಚಾಗಿ ಹೋಗುವುದು ಮೇಲಿನಿಂದ. ಶೀಟು ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಬೆಳಗಿನ ಜಾವ ಅದರಿಂದ ನೀರು ತೊಟ್ಟಿಕ್ಕುವುದನ್ನು ನೀವೇ ನೋಡಿದ್ದೀರಿ. ಶೀಟಿಗೆ ಒಂದು ಅಡಿ ಕೆಳಗೆ ಬಿದಿರು ಚಾಪೆಯ ಅಟ್ಟ ಕಟ್ಟಿ, ಮೇಲೆ ಮಣ್ಣು ಸಗಣಿ ಮೆತ್ತಿದ ಗೋಣಿ ಹಾಸಿದರೆ ನಡುವೆ ಗಾಳಿಯ ಪದರ ನಿಲ್ಲುತ್ತದೆ. ರಾತ್ರಿ ಬೆಚ್ಚಗೆ, ಏಪ್ರಿಲ್ ಮಧ್ಯಾಹ್ನ ತಂಪು. ಬರೀ ಹುಲ್ಲು ತುಂಬಬೇಡಿ, ಬೆಂಕಿಗೂ ಇಲಿಗೂ ದಾರಿ. ಹೊಸದಾಗಿ ಕಟ್ಟುವವರಾದರೆ ಶೀಟೇ ಏಕೆ? ಮಾಲೂರಿನ ಹೆಂಚು, ಇಟ್ಟಿಗೆ ನಮ್ಮ ಬಾಗಿಲಲ್ಲೇ ಇದೆ. ಗೋಡೆಗೆ ಗಾರೆ ಮಾಡಿಸಿ ಸುಣ್ಣ ಬಳಿಯಿರಿ, ಬಿರುಕು ಮುಚ್ಚಿ. ಆಯಿಲ್ ಪೇಂಟ್, ವಾರ್ನಿಷ್ ಬೇಡ. ಗೆದ್ದಲು ಔಷಧಿ ಹಚ್ಚಿದ ಮರ, ಪ್ಲೈವುಡ್ ಖಂಡಿತ ಬೇಡ. ಸೊಳ್ಳೆ ಬತ್ತಿಯ ಹೊಗೆ ತಾಳದ ಹುಳ ಅದನ್ನು ತಾಳುತ್ತದೆಯೇ?

ಕಿಟಕಿ, ಬಾಗಿಲಿಗೆ ನೈಲಾನ್ ಜಾಲರಿ ಇರಲೇಬೇಕು. ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ನಮ್ಮ ರಾಜ್ಯಕ್ಕೆ ಬಂದದ್ದು ಇವತ್ತಿಗೂ ಹೋಗಿಲ್ಲ. ಆದರೆ ಜಾಲರಿ ಬೇರೆ, ಪ್ಲಾಸ್ಟಿಕ್ ಬೇರೆ. ಚಳಿ ಎಂದು ಪ್ಲಾಸ್ಟಿಕ್ ಹಾಳೆಯಿಂದ ಎಲ್ಲಾ ಕಿಟಕಿ ಬಿಗಿದರೆ ಹಿಕ್ಕೆಯ ಘಾಟು, ಸೊಪ್ಪಿನ ಹಬೆ ಒಳಗೇ ತುಂಬುತ್ತದೆ. ಕೊನೆಯ ಹಂತದ ಹುಳಕ್ಕೆ ಗಾಳಿ ಬಹಳ ಬೇಕು. ಕೆಳಗಿನ ಕಿಟಕಿಗೆ ರಾತ್ರಿ ಗೋಣಿ ಪರದೆ ಬಿಡಿ, ಮೇಲಿನ ಗವಾಕ್ಷಿ ಮಾತ್ರ ಮುಚ್ಚಬೇಡಿ.

ಈಗ ಕೆಂಡದ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಜನವರಿ ತಿಂಗಳು, ಹುಳ ನಾಲ್ಕನೇ ಜ್ವರ ಎದ್ದಿತ್ತು. ರಾತ್ರಿ ಸೊಪ್ಪು ಹಾಕಬೇಕಲ್ಲ ಎಂದು ತಾಯಿ, ಮಗಳು ಹುಳದ ಕೋಣೆಯಲ್ಲೇ ಚಾಪೆ ಹಾಕಿ ಮಲಗಿದರು. ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ, ಹೊಗೆ ಸ್ವಲ್ಪವೂ ಇಲ್ಲ, ಕಿಟಕಿಗೆ ಪ್ಲಾಸ್ಟಿಕ್. ನಡುರಾತ್ರಿ ಮಗು ತಲೆನೋವು ಎಂದು ಎದ್ದು ವಾಂತಿ ಮಾಡಿತು. ತಾಯಿ ಏಳಲು ಹೋದರೆ ಕಾಲು ನಿಲ್ಲಲಿಲ್ಲ, ತೆವಳಿಕೊಂಡು ಹೋಗಿ ಬಾಗಿಲು ತೆಗೆದಳು. ಮಗು ವಾಂತಿ ಮಾಡಿದ್ದೇ ಇಬ್ಬರನ್ನೂ ಉಳಿಸಿತು. ಮನೆಯವರು ಮೊದಲು ಗಾಳಿ ಸೋಕಿದೆ ಅಂದರಂತೆ.

ಸೋಕಿದ್ದು ಗಾಳಿಯೇ, ಆದರೆ ದೆವ್ವದ್ದಲ್ಲ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್. ಕೆಂಡ ಪೂರ್ತಿ ಉರಿಯದೆ ಕಾಯುವಾಗ ಹುಟ್ಟುವ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಪ್ರಾಣವಾಯು ಕೂರುವ ಜಾಗದಲ್ಲಿ ಇದು ಹೋಗಿ ಬಿಗಿಯಾಗಿ ಕೂತುಬಿಡುತ್ತದೆ. ತಲೆನೋವು, ತಲೆ ಸುತ್ತು, ವಾಕರಿಕೆ, ಆಮೇಲೆ ಮಂಪರು. ಮಲಗಿದ್ದವರಿಗೆ ಇದ್ಯಾವುದೂ ತಿಳಿಯುವುದಿಲ್ಲ. "ಹೊರಗೆ ಉರಿಸಿ ಹೊಗೆ ಹೋದ ಮೇಲೆ ಒಳಗೆ ತರ್ತೀವಿ ಸಿಸ್ಟರ್" ಅನ್ನುತ್ತೀರಿ. ಹೊಗೆ ಹೋದರೂ ಈ ಅನಿಲ ಹೋಗುವುದಿಲ್ಲ. ಕೆಂಡ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು, ಮಗುವನ್ನಂತೂ ಮಲಗಿಸಲೇಬಾರದು. ಯಾರಿಗಾದರೂ ಹೀಗಾದರೆ ಮೊದಲು ಬಯಲಿಗೆ ತನ್ನಿ, 108ಕ್ಕೆ ಫೋನ್ ಮಾಡಿ, ಕೆಂಡದ ಕೋಣೆಯಲ್ಲಿ ಇದ್ದರು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಸೌದೆಯೇ ಗತಿ ಅನ್ನುವವರು ಒಲೆಯ ಬಾಯಿ ಗೋಡೆಯ ಹೊರಗೆ ಇಟ್ಟು, ಹೊಗೆ ಹೋಗುವ ತಗಡಿನ ಕೊಳವೆ ಮಾತ್ರ ಕೋಣೆಯೊಳಗೆ ಹಾದು ಸೂರಿನ ಆಚೆ ಹೋಗುವಂತೆ ಮಾಡಿಸಿ. ಕೊಳವೆಯ ಕೂಡುಗಳು ಬಿಗಿಯಾಗಿರಬೇಕು. ಅಲ್ಲೂ ಮಲಗುವುದು ಬೇಡ.

ಕರೆಂಟ್ ಹೀಟರ್ ಇದಕ್ಕಿಂತ ಕ್ಷೇಮ, ಆದರೆ ಲೆಕ್ಕ ಹಾಕಿ. 1500 ವಾಟ್ ಹೀಟರ್ ರಾತ್ರಿ 8 ಗಂಟೆ ಉರಿದರೆ 12 ಯೂನಿಟ್. 18 ರಾತ್ರಿಗೆ 216. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಅದಕ್ಕೇ ಮೊದಲು ಅಟ್ಟ, ಆಮೇಲೆ ಹೀಟರ್ ಎನ್ನುತ್ತೇನೆ. ಹೀಟರಿಗೆ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಬೇಕು, ಬಲ್ಬಿನ ವೈರಿಗೆ ಸಿಕ್ಕಿಸಬೇಡಿ. ಚಂದ್ರಿಕೆ, ಕಾಗದ, ಒಣ ಕಡ್ಡಿಯಿಂದ ದೂರ ಇಡಿ. ಹೀಟರ್ ಗಾಳಿಯನ್ನು ಒಣಗಿಸುವುದರಿಂದ ಸೊಪ್ಪು ಬಾಡುತ್ತದೆ, ಪಕ್ಕದಲ್ಲಿ ಒದ್ದೆ ಗೋಣಿ ತೂಗುಹಾಕಿ. ಹುಳ ಜ್ವರಕ್ಕೆ ಕೂತಾಗ ಮಾತ್ರ ಗೋಣಿ ತೆಗೆದುಬಿಡಿ, ಆಗ ಹಾಸಿಗೆ ಒಣಗಿರಬೇಕು.

ಕೈ ನೀಡಿ "ಬೆಚ್ಚಗಿದೆ" ಎಂದರೆ ಸಾಲದು. ಒಣ ಬಲ್ಬು, ಒದ್ದೆ ಬಲ್ಬು ಇರುವ ಥರ್ಮಾಮೀಟರ್ ತೂಗುಹಾಕಿ. ಒಣದ್ದು 25, ಒದ್ದೆಯದು 21 ತೋರಿಸಿದರೆ ತೇವ ಸುಮಾರು 70 ಭಾಗ ಇದೆ ಎಂದು ಅರ್ಥ.

ಹಣದ ವಿಷಯ ಒಂದೇ ಮಾತು. ಸಾಕಾಣಿಕೆ ಮನೆಗೆ ರೇಷ್ಮೆ ಇಲಾಖೆಯ ಸಹಾಯಧನ ಇದೆ, ಆದರೆ ಕೆಲಸ ಶುರು ಮಾಡುವ ಮುಂಚೆಯೇ ನಿಮ್ಮ ಹೋಬಳಿಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ. ಪಹಣಿ ಯಾರ ಹೆಸರಲ್ಲಿದೆ ಎಂದು ಅಲ್ಲಿ ಕೇಳುತ್ತಾರೆ. ಸೊಪ್ಪು ಕೊಯ್ಯುವವರು ನೀವು, ರಾತ್ರಿ ಎದ್ದು ಹಾಕುವವರು ನೀವು, ಪಹಣಿ ಮಾತ್ರ ಯಜಮಾನರದು! ಜಂಟಿ ಹೆಸರು ಮಾಡಿಸಲು ಆಗುತ್ತದೆಯೇ ಎಂದು ಮನೆಯಲ್ಲಿ ಮಾತಾಡಿ ನೋಡಿ.

ಪ್ರಶ್ನೆ ಕೇಳಿದ ಆ ಸದಸ್ಯೆ ಬೋರ್ಡಿನ ಯೋಚನೆ ಬಿಟ್ಟು ಚಾಪೆ ಅಟ್ಟ ಕಟ್ಟಿಸಿದ್ದಾರೆ. ಮುಂದಿನ ಸಭೆ ಅವರ ಶೆಡ್ಡಿನಲ್ಲೇ. ಥರ್ಮಾಮೀಟರ್ ನಾನು ತರುತ್ತೇನೆ, ಓದುವುದನ್ನು ಎಲ್ಲರೂ ಒಂದೊಂದು ಸಲ ಮಾಡಿ ತೋರಿಸಬೇಕು.