ಪುಸ್ತಕದ ಬದನೆಕಾಯಿ ಅಡುಗೆಗೆ ಬರಬೇಕಾದರೆ



ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಕಾಲೇಜಿಗೆ ಸೇರಿರುವ ನಿಮ್ಮ ಕೈಗೆ ಸಿಲೆಬಸ್ ಬಂದಾಗ ಮೊದಲು ಏನನ್ನು ನೋಡುತ್ತೀರಿ? ಎಷ್ಟು ಮಾಡ್ಯೂಲ್ ಇದೆ, ಯಾವುದನ್ನು ಬಿಟ್ಟರೆ ನಡೆದೀತು ಎಂದಲ್ಲವೇ? ಈ ಬಾರಿ ಅದರ ಮೊದಲಿಗೆ ಅಚ್ಚಾಗಿರುವ 'ಕೋರ್ಸ್ ಔಟ್‌ಕಮ್' ಎಂಬ ನಾಲ್ಕೈದು ಸಾಲುಗಳನ್ನೂ ಓದಿ. ಈ ಪಾಠ ಮುಗಿದ ಮೇಲೆ ನೀವು ಏನು ಮಾಡಬಲ್ಲಿರಿ ಎಂದು ಕಾಲೇಜು ನಿಮಗೆ ಕೊಟ್ಟಿರುವ ಮಾತು ಅದು. ನಾವು ಅದನ್ನು 'ಕಲಿಕೆಯ ಫಲ' ಎಂದು ಕರೆಯೋಣ.

ಹಿಂದೆ ಪಠ್ಯಕ್ರಮವೆಂದರೆ ಮೇಷ್ಟ್ರು ಏನು ಪಾಠ ಮಾಡಬೇಕು ಎಂಬ ಪಟ್ಟಿ. ವಿದ್ಯಾರ್ಥಿಗೆ ಏನು ದಕ್ಕಿತು ಎಂದು ಕೇಳುವ ಪದ್ಧತಿ ನಿಧಾನವಾಗಿ ಬಂತು. 1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಗೆ ಆರು ಮೆಟ್ಟಿಲುಗಳನ್ನು ಗುರುತಿಸಿದರು. 2001ರಲ್ಲಿ ತಿದ್ದಿದ ರೂಪದಲ್ಲಿ ಅವು ಹೀಗಿವೆ: ನೆನಪಿಡುವುದು, ಅರ್ಥಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ಬೆಲೆ ಕಟ್ಟುವುದು, ಹೊಸದನ್ನು ರಚಿಸುವುದು. 2014ರಲ್ಲಿ ಭಾರತವು ಇಂಜಿನಿಯರಿಂಗ್ ಶಿಕ್ಷಣದ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ ಈ ಕ್ರಮಕ್ಕೆ ಬಲ ಬಂತು. ಅದೇ ವರ್ಷ ತಿರುವನಂತಪುರದಲ್ಲಿ ಸ್ಥಾಪನೆಯಾದ ಎ.ಪಿ.ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ ಸಿಲೆಬಸ್ ತೆರೆದರೆ ಈ ಫಲಗಳ ಕೋಷ್ಟಕವೇ ಕಾಣುತ್ತದೆ. 2024ರ ಜುಲೈಯಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಆರಂಭವಾದಾಗ ಕಲೆ, ವಿಜ್ಞಾನ, ವಾಣಿಜ್ಯದ ಪಠ್ಯಗಳೂ ಇದೇ ಅಚ್ಚಿನಲ್ಲಿ ಬಂದವು.

ಇದನ್ನು ಬರೆಯುವ ಗುಟ್ಟೆಲ್ಲ ಕ್ರಿಯಾಪದದಲ್ಲಿದೆ. 'ವಿದ್ಯಾರ್ಥಿಯು ಜಿ.ಎಸ್.ಟಿ.ಯನ್ನು ಅರಿಯುವನು' ಎಂದು ಬರೆದರೆ ಅರಿತದ್ದನ್ನು ಅಳೆಯುವುದು ಹೇಗೆ? 'ಒಂದು ಹೋಟೆಲಿನ ತಿಂಗಳ ಬಿಲ್ಲುಗಳನ್ನು ನೋಡಿ ಕಟ್ಟಬೇಕಾದ ಜಿ.ಎಸ್.ಟಿ. ಲೆಕ್ಕ ಹಾಕುವನು' ಎಂದು ಬರೆಯಿರಿ. ಬಿಲ್ಲು ಕೊಟ್ಟು ಪರೀಕ್ಷಿಸಬಹುದು. ಪುಸ್ತಕದ ಬದನೆಕಾಯಿ ಅಡುಗೆಗೆ ಬರುವುದು ಆಗಲೇ.

ಇನ್ನು ಅಳತೆ. ಪ್ರಶ್ನೆಪತ್ರಿಕೆಯ ಒಂದೊಂದು ಪ್ರಶ್ನೆಗೂ ಒಂದೊಂದು ಫಲದ ಸಂಖ್ಯೆ ಹಾಕುತ್ತಾರೆ. ನೂರು ಮಂದಿಯಲ್ಲಿ 60 ಮಂದಿಯಾದರೂ ಅರ್ಧ ಅಂಕ ಪಡೆಯಬೇಕು ಎಂದು ಗುರಿ ಇಟ್ಟುಕೊಂಡರು ಎನ್ನಿ. ಮೂರನೆಯ ಫಲದಲ್ಲಿ 35 ಮಂದಿ ಮಾತ್ರ ಗೆದ್ದರೆ ಆ ಪಾಠವನ್ನು, ಅದನ್ನು ಹೇಳಿಕೊಟ್ಟ ಬಗೆಯನ್ನು ತಿದ್ದಬೇಕು. ನೆನಪಿಡಿ, ಈ ಲೆಕ್ಕ ತೀರ್ಪು ಕೊಡುವುದು ಪಾಠದ ಮೇಲೆ. ಆದರೆ ಗಿಳಿಪಾಠದ ಸುಲಭ ಪ್ರಶ್ನೆಗಳನ್ನೇ ಕೊಟ್ಟರೆ ಕೋಷ್ಟಕ ಚೆಂದ ಕಾಣುತ್ತದೆ, ಕಲಿಕೆ ಸೊನ್ನೆ. ಆದ್ದರಿಂದಲೇ ಸೆಮಿಸ್ಟರಿನ ಕೊನೆಗೆ ಬರುವ ಅಭಿಪ್ರಾಯದ ಫಾರಂನಲ್ಲಿ ಎಲ್ಲಕ್ಕೂ ಕಣ್ಣುಮುಚ್ಚಿ ಐದು ಅಂಕ ಒತ್ತಿಬಿಡಬೇಡಿ. ಅಲ್ಲಿ ನಿಮ್ಮ ಮಾತಿಗೆ ತೂಕವಿದೆ.

ಈಗ ನಮ್ಮ ಮನೆಯ ಪಠ್ಯಕ್ರಮಕ್ಕೆ ಬರೋಣ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡವನ್ನು ಎಂ.ಎ.ವರೆಗೆ ಓದಬಹುದು. ಇತ್ತ ಬೆಳೆದ ನಿಮ್ಮಲ್ಲಿ ಹೆಚ್ಚಿನವರಿಗೆ ಕನ್ನಡದ ಶಾಲೆಯೆಂದರೆ ಅಡುಗೆಮನೆಯೇ. ಮಾತು ಬರುತ್ತದೆ, ಅಕ್ಷರ ಬಾರದು. ಊರಿನ ಮದುವೆಮನೆಯಲ್ಲಿ ಯಾರಾದರೂ ಲಗ್ನಪತ್ರಿಕೆ ಕೈಗಿತ್ತು 'ಓದು ನೋಡೋಣ' ಎಂದರೆ ನಾಚಿ ತಲೆ ತಗ್ಗಿಸುತ್ತೀರಿ. ಆ ನಾಚಿಕೆ ನಿಮ್ಮದಾಗಬೇಕಿಲ್ಲ. 'ಮಕ್ಕಳಿಗೆ ಕನ್ನಡ ಬರಬೇಕು' ಎಂದು ನಾವು ಹಿರಿಯರು ಆಸೆಪಟ್ಟೆವು. ಅಳೆಯಬಹುದಾದ ಒಂದು ಸಾಲನ್ನೂ ಬರೆದಿಡಲಿಲ್ಲ.

ಆ ಸಾಲುಗಳನ್ನು ನೀವೇ ಬರೆಯಿರಿ. ಒಂದನೆಯದು: ಮೂರು ತಿಂಗಳಲ್ಲಿ ಕನ್ನಡ ದಿನಪತ್ರಿಕೆಯ ಮುಖಪುಟದ ತಲೆಬರಹಗಳನ್ನು ತಡವರಿಸದೆ ಓದುವೆನು. ಎರಡನೆಯದು: ಆರು ತಿಂಗಳಲ್ಲಿ ಅಜ್ಜಿಗೆ ಹತ್ತು ಸಾಲಿನ ಕಾಗದವನ್ನು ನನ್ನ ಕೈಯಾರೆ ಬರೆಯುವೆನು. ಮೂರನೆಯದು: ವರ್ಷದೊಳಗೆ ಒಂದು ಕನ್ನಡ ಸಣ್ಣಕಥೆ ಓದಿ ಅದನ್ನು ಮಲಯಾಳಿ ಗೆಳೆಯನಿಗೆ ಅವನ ಭಾಷೆಯಲ್ಲಿ ಹೇಳುವೆನು. ಮೊದಲನೆಯದಕ್ಕೆ ಅಪ್ಪನೋ ಅಮ್ಮನೋ ಪರೀಕ್ಷಕರು. ಅಜ್ಜಿಯ ಮಾರೋಲೆ ಬಂದರೆ ಎರಡನೆಯದರಲ್ಲಿ ಪಾಸು. ಗೆಳೆಯ 'ಆಮೇಲೆ ಏನಾಯಿತು?' ಎಂದು ಕೇಳಿದರೆ ಮೂರನೆಯದರಲ್ಲಿ ಪ್ರಥಮ ದರ್ಜೆ.

ಎಡವಿದರೆ ಗುರಿಯನ್ನು ಕೈಬಿಡಬೇಡಿ, ಪಾಠವನ್ನು ಬದಲಿಸಿ. ಬದಲಿಸಲು ನೆರವು ಬೇಕೆಂದರೆ ಸಂಘದ ಹಿರಿಯರನ್ನು ಕೇಳಿ. ಅಕ್ಷರ ಕಲಿಸಲು ನಾವಿದ್ದೇವೆ. ಏನು ಕಲಿಯಬೇಕೆಂಬುದನ್ನು ನೀವು ಬರೆದು ತನ್ನಿ.